‘ಗ್ರಾಹಕರು ಸಿಗಲಿಲ್ಲ’ ಎಂದು ಒತ್ತಿದವನ ಪತ್ರ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಒಬ್ಬರು ಪಾರ್ಸೆಲ್ ತರುವವರ ಮೇಲೆ ಸಿಟ್ಟಾಗಿ ಬರೆದಿದ್ದರು. ದಿನವಿಡೀ ಮನೆಯಲ್ಲೇ ಇದ್ದೆವು, ಯಾರೂ ಬರಲಿಲ್ಲ, ಒಂದು ಫೋನೂ ಇಲ್ಲ, ಸಂಜೆ ನೋಡಿದರೆ ‘ಗ್ರಾಹಕರು ಸಿಗಲಿಲ್ಲ’ ಅಂತ ಮೆಸೇಜ್, ಇವರೆಲ್ಲ ಸುಳ್ಳುಗಾರರು ಅಂತ. ಅವರು ಯಾವ ಊರಿನವರೋ ಗೊತ್ತಿಲ್ಲ. ಆದರೆ ಅವರು ಬರೆದದ್ದು ನಿಜ. ನಾವು ಪಾರ್ಸೆಲ್ ತರುವವರು ಆಪ್ ಮೇಲೆ ಸುಳ್ಳು ಕಾರಣ ಒತ್ತುತ್ತೇವೆ. ನಾನೂ ಒತ್ತಿದ್ದೇನೆ. ಪತ್ರ ಓದಿ ಎರಡು ದಿನ ಸುಮ್ನೆ ಇದ್ದೆ, ಮೂರನೇ ದಿನ ಬರೆಯಲು ಕೂತೆ. ಸ್ವಲ್ಪ ಉದ್ದವಾಗಿದೆ, ಜಾಗ ಸಾಲದಿದ್ದರೆ ಕತ್ತರಿಸಿಕೊಳ್ಳಿ. ಹೆಸರು ಮಾತ್ರ ಹಾಕಬೇಡಿ, ಕೆಲಸ ಹೋಗುತ್ತದೆ.

ನಾನು ಸಾಗರದಲ್ಲಿ ಪಾರ್ಸೆಲ್ ವ್ಯಾನ್ ಓಡಿಸುತ್ತೇನೆ. ಸೇರಿ ಎಂಟು ತಿಂಗಳಾಯಿತು. ಅದಕ್ಕೆ ಮೊದಲು ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ನನ್ನ ಊರು ಆನಂದಪುರದ ಕಡೆ. ಕೆಲಸ ಕೊಡುವಾಗ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ, ಲೈಸೆನ್ಸ್ ಇದೆಯಾ, ಒಳ್ಳೆ ಫೋನ್ ಇದೆಯಾ. ನನ್ನದು ಸಾದಾ ಎಲ್‌ಎಂವಿ (ಲಘು ವಾಹನದ) ಲೈಸೆನ್ಸ್, ಸರಕಿನ ಗಾಡಿಗೆ ಬ್ಯಾಡ್ಜ್, ಅಂದರೆ ಬಾಡಿಗೆ ಗಾಡಿ ಓಡಿಸುವ ಪ್ರತ್ಯೇಕ ಅನುಮತಿ, ಬೇಕಲ್ವಾ ಅಂತ ನಾನೇ ಕೇಳಿದೆ. ಬೇಡ ಅಂದರು. ನಂಬಿಕೆ ಬರಲಿಲ್ಲ, ಮಂಡಿಗೆ ಬರುತ್ತಿದ್ದ ಒಬ್ಬ ವಕೀಲರನ್ನು ಕೇಳಿದೆ. ಅವರು ಹೇಳಿದ್ದು, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದೆ, 7,500 ಕೆ.ಜಿ. ಒಳಗಿನ ಗಾಡಿಯನ್ನು ಈ ಲೈಸೆನ್ಸಿನಲ್ಲೇ ಓಡಿಸಬಹುದು. ಹೊಸದಾಗಿ ಈ ಕೆಲಸಕ್ಕೆ ಬರುವವರು ಇದನ್ನು ತಿಳಿದಿರಲಿ, ಬ್ಯಾಡ್ಜ್ ಮಾಡಿಸಿಕೊಡುತ್ತೇವೆ ಅಂತ ದುಡ್ಡು ಕೇಳುವವರು ಇದ್ದಾರೆ.

ತರಬೇತಿ ಅಂದರೆ ಒಂದು ದಿನ. ಕೆಲಸ ಬಿಟ್ಟು ಹೋಗುತ್ತಿದ್ದ ಹುಡುಗನ ಪಕ್ಕ ಕೂತು ಒಂದು ಸುತ್ತು ಹೋಗಿ ಬಂದೆ. ಅವನು ಗಾಡಿ ಓಡಿಸುತ್ತಲೇ ಬೆರಳು ತೋರಿಸುತ್ತಿದ್ದ. ಅಲ್ಲಿ ಕೆಂಪು ಹೆಂಚಿನ ಮನೆ ಇದೆಯಲ್ಲ ಅದು ಅವರದ್ದು, ಆ ದರೆ ದಾಟಿ ಕೆಳಗಿಳಿದರೆ ಇವರದ್ದು, ಈ ಮನೆಗೆ ನಾಯಿ ಇದೆ, ಹಾರ್ನ್ ಹೊಡೆದು ಗಾಡಿಯಲ್ಲೇ ಕೂರು. ಎಲ್ಲವೂ ಕೆಂಪು ಹೆಂಚಿನ ಮನೆ. ನನಗೆ ನೆನಪುಳಿದದ್ದು ನಾಯಿ ಒಂದೇ. ಮರುದಿನ ಅವನು ಶಿವಮೊಗ್ಗಕ್ಕೆ ಹೋಗಿಬಿಟ್ಟ. ನಾನು 31 ಪಾರ್ಸೆಲ್ ಇಟ್ಟುಕೊಂಡು ಒಬ್ಬನೇ.

ಆ ದಿನ ಏನಾಯಿತು ಅಂತ ಹೇಳಿದರೆ ಈಗ ನಗು ಬರುತ್ತದೆ. ಹಬ್‌ನಲ್ಲಿ (ಪಾರ್ಸೆಲ್ ಬಂದು ಸೇರುವ ಗೋದಾಮಿನಲ್ಲಿ) ಸ್ಕ್ಯಾನ್ ಆದ ಹಾಗೆ ಒಂದೊಂದೇ ತಂದು ಗಾಡಿಗೆ ತುಂಬಿದೆ. ಮೊದಲು ಕೊಡಬೇಕಾದದ್ದು ಮೊದಲು ಒಳಗೆ ಹೋಯಿತು, ಅಂದರೆ ಎಲ್ಲಕ್ಕಿಂತ ಹಿಂದೆ, ತಳದಲ್ಲಿ. ಪ್ರತಿ ಮನೆಯ ಮುಂದೆಯೂ ಅರ್ಧ ಗಾಡಿ ಇಳಿಸಿ ಹುಡುಕಿ ಮತ್ತೆ ತುಂಬಬೇಕು, ಅದೂ ಆಗಸ್ಟ್ ತಿಂಗಳ ಮಳೆಯಲ್ಲಿ. ಒಂದು ಮನೆಯ ಅಜ್ಜಿ ಜಗಲಿಯಲ್ಲಿ ನಿಂತು ನೋಡಿ ನೋಡಿ, ‘ತಮಾ, ನೀನು ಮನೆ ಖಾಲಿ ಮಾಡ್ತಾ ಇದ್ದೀಯಾ?’ ಅಂತ ಕೇಳಿದರು. ಸಾಮಾನು ತುಂಬುವುದನ್ನು ಕೊನೆಯ ಮನೆಯಿಂದ ಶುರು ಮಾಡಬೇಕು ಅಂತ ಯಾರಾದರೂ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಈಗ ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಹೋಗಿ ಪ್ರತಿ ಡಬ್ಬದ ಮೇಲೂ ದಪ್ಪ ಮಾರ್ಕರಿನಲ್ಲಿ ಊರಿನ ಹೆಸರು ಬರೆದುಕೊಳ್ಳುತ್ತೇನೆ. ಟೇಪಿನ ಮೇಲೆ ಬರೆದರೆ ಮಳೆಗೆ ಅಳಿಸುತ್ತದೆ, ರಟ್ಟಿನ ಮೇಲೇ ಬರೆಯಬೇಕು. ಆ ಅರ್ಧ ಗಂಟೆಗೆ ಸಂಬಳ ಇಲ್ಲ.

ಹೊಸಬರಿಗೆ ಕೊಡುವ ರೂಟ್ ಒಂದಿದೆ. ಹೊಳೆ ಆಚೆ. ತುಮರಿ, ಬ್ಯಾಕೋಡು, ಸಿಗಂದೂರು ಕಡೆ. ಈ ಭಾಗದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗಾಗಿ ಬರೆಯುತ್ತೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿ ಹಿನ್ನೀರು ತುಂಬಿ ಆ ಕಡೆಯ ಜನರಿಗೆ ಸಾಗರ ಪೇಟೆ ದೂರವಾಯಿತು. ದಶಕಗಳ ಕಾಲ ಹೊಳೆಬಾಗಿಲಿನ ಲಾಂಚೇ (ಜನ, ಗಾಡಿ ದಾಟಿಸುವ ದೋಣಿ) ಗತಿ. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ಗಾಡಿ ಹತ್ತಿಸುತ್ತಿರಲಿಲ್ಲ, ಸಂಜೆ ಕೊನೇ ಲಾಂಚ್ ತಪ್ಪಿದರೆ ಅಷ್ಟೇ ಕತೆ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ 2.44 ಕಿ.ಮೀ. ಸೇತುವೆ ಉದ್ಘಾಟನೆ ಆಯಿತು. ಸೇತುವೆ ಆದ ಮೇಲೆ ಮೊದಲು ದಾಟಿದ್ದು ಪ್ರವಾಸಿಗರು, ಆಮೇಲೆ ನಮ್ಮಂಥ ಪಾರ್ಸೆಲ್ ಗಾಡಿಗಳು. ಮುಂಚೆ ಆ ಕಡೆಯವರು ಆನ್‌ಲೈನ್‌ನಲ್ಲಿ ಏನಾದರೂ ತರಿಸಿದರೆ ಸಾಗರದ ನೆಂಟರ ವಿಳಾಸ ಕೊಡುತ್ತಿದ್ದರಂತೆ. ಈಗ ಸ್ವಂತ ಮನೆಯ ವಿಳಾಸ ಕೊಡುತ್ತಾರೆ. ಅವರಿಗೆ ಅದೊಂದು ಖುಷಿ. ಒಂದು ಮನೆಯಲ್ಲಿ ಮೊದಲ ಪಾರ್ಸೆಲ್ ತಲುಪಿಸಿದಾಗ ಯಜಮಾನರು ಡಬ್ಬದ ಮೇಲಿನ ವಿಳಾಸವನ್ನು ಗಟ್ಟಿಯಾಗಿ ಓದಿ ಹೆಂಡತಿಗೆ ಹೇಳಿದರು, ನಮ್ಮ ಮನೆ ಹೆಸರೇ ಬರೆದಿದ್ದಾರೆ ನೋಡೇ ಅಂತ. ಒಳಗಿದ್ದದ್ದು ನೂರೈವತ್ತು ರೂಪಾಯಿಯ ಟಾರ್ಚು.

ವಿಳಾಸದ ಮಾತು ಬಂತಲ್ಲ, ಅದೇ ನಮ್ಮ ಅರ್ಧ ಕೆಲಸ. ಬೆಂಗಳೂರಿನಲ್ಲಿ ಮೇನ್, ಕ್ರಾಸ್, ಮನೆ ನಂಬರ್ ಇದ್ದೂ ಹುಡುಕುತ್ತಾರೆ ಅಂತ ಕೇಳಿದ್ದೇನೆ. ಇಲ್ಲಿ ನಂಬರೇ ಇಲ್ಲ. ಹೆಸರು, ಊರು, ‘ಶಾಲೆ ಹತ್ತಿರ’, ಅಂಚೆ, ತಾಲ್ಲೂಕು, ಮುಗಿಯಿತು. ಶಾಲೆ ಹತ್ತಿರ ಅಂದರೆ ಶಾಲೆಯಿಂದ ಎರಡು ಕಿ.ಮೀ. ಆದರೂ ಅವರ ಪಾಲಿಗೆ ಹತ್ತಿರವೇ. ಒಂದೇ ಹೆಸರಿನ ಊರು ನಾಲ್ಕು, ಒಂದೇ ಊರಲ್ಲಿ ಒಂದೇ ಹೆಸರಿನ ಯಜಮಾನರು ಮೂರು. ಪಿನ್‌ಕೋಡ್ ನೋಡಿದರೆ ಗೊತ್ತಾಗಲ್ವಾ ಅಂತ ಹಬ್‌ನಲ್ಲಿ ಕೂತವರು ಕೇಳುತ್ತಾರೆ. ಪಿನ್‌ಕೋಡ್ 1972ರಲ್ಲಿ ಬಂದದ್ದು ಅಂಚೆಯವರಿಗಾಗಿ, ಯಾವ ಅಂಚೆ ಕಚೇರಿ ಅಂತ ತಿಳಿಯಲು. ಒಂದು ಪಿನ್‌ಕೋಡಿನೊಳಗೆ ಎಷ್ಟೋ ಮಜರೆ, ಎಷ್ಟೋ ಒಂಟಿ ಮನೆ. ಅಲ್ಲಿಂದ ಮುಂದಕ್ಕೆ ಅಂಚೆಯಣ್ಣನ ತಲೆಯಲ್ಲಿ ನಕ್ಷೆ ಇರುತ್ತದೆ. ನನ್ನ ತಲೆಯಲ್ಲಿ ಇರಲಿಲ್ಲ.

ಇನ್ನು ಫೋನಿನ ಮ್ಯಾಪು. ಒಂದು ಸಲ ಒಬ್ಬರ ಮನೆಯ ಗುರುತು ಹಿನ್ನೀರಿನ ನಡುಮಧ್ಯೆ ಬಿದ್ದಿತ್ತು. ಗಾಡಿ ನಿಲ್ಲಿಸಿ ನೀರು ನೋಡುತ್ತಾ ನಿಂತಿದ್ದೆ. ಹಿಂದಿನಿಂದ ಬೈಕಿನಲ್ಲಿ ಬಂದವರು ಅಂಚೆಯವರೇ. ಹೆಸರು ತೋರಿಸಿದೆ. ‘ಇವರಾ? ಇವರು ಇಲ್ಲಿಂದ ಎದ್ದು ಹೋಗಿ ವರ್ಷಗಳಾದವು, ಈಗ ಮೇಲಿನ ದಿಬ್ಬದಲ್ಲಿದ್ದಾರೆ’ ಅಂತ ನಗದೆ ಹೇಳಿದರು. ಅವತ್ತಿನಿಂದ ಅವರ ನಂಬರ್ ಇಟ್ಟುಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ಕೆಲಸ ಕಲಿಸಿದ್ದು ನಮ್ಮ ಹಬ್‌ನವರಲ್ಲ, ಅವರು. ನಮಗೂ ಅವರಿಗೂ ಪೈಪೋಟಿ ಅಂತ ಪೇಟೆಯವರು ತಿಳಿದಿದ್ದಾರೆ, ಕಾಡು ರಸ್ತೆಯಲ್ಲಿ ಟೈರ್ ಪಂಕ್ಚರ್ ಆದವನಿಗೆ ಅಂಥ ಪೈಪೋಟಿ ಏನೂ ಇರುವುದಿಲ್ಲ.

ಮನೆ ಸಿಕ್ಕಿತು ಅಂದುಕೊಳ್ಳಿ. ಅಲ್ಲಿಗೂ ಮುಗಿಯುವುದಿಲ್ಲ. ಆರ್ಡರ್ ಹಾಕಿದವನು ಬೆಂಗಳೂರಿನಲ್ಲಿರುವ ಮಗ. ಪಾರ್ಸೆಲ್ ತೆಗೆದುಕೊಳ್ಳುವವರು ಅಪ್ಪ ಅಮ್ಮ. ಓಟಿಪಿ ಹೋಗುವುದು ಮಗನ ಫೋನಿಗೆ. ಮಗ ಮೀಟಿಂಗಿನಲ್ಲಿ. ಅಂಗಳದಲ್ಲಿ ನೆಟ್‌ವರ್ಕ್ ಇಲ್ಲ. ಕೊಟ್ಟಿಗೆ ಪಕ್ಕದ ಹಲಸಿನ ಮರದ ಬುಡದಲ್ಲಿ ಒಂದು ಕಡ್ಡಿ ಸಿಗುತ್ತದೆ, ಅಲ್ಲಿ ನಿಂತು ಫೋನ್ ಎತ್ತಿ ಹಿಡಿದು ಅವನಿಗೆ ಮಾಡಬೇಕು. ಹೊಸ ನಂಬರ್ ಅಂತ ಅವನು ಎತ್ತುವುದಿಲ್ಲ. ಅಮ್ಮ ಲ್ಯಾಂಡ್‌ಲೈನಿನಿಂದ ಮಾಡಿದರೆ ಎತ್ತುತ್ತಾನೆ. ಇದೆಲ್ಲ ಆಗಲು ಇಪ್ಪತ್ತು ನಿಮಿಷ. ಅಷ್ಟು ಹೊತ್ತಿಗೆ ಒಳಗಿನಿಂದ ಮಜ್ಜಿಗೆ ಬಂದಿರುತ್ತದೆ, ಬೇಡ ಅನ್ನುವ ಹಾಗಿಲ್ಲ.

ಕ್ಯಾಶ್ ಆನ್ ಡೆಲಿವರಿ ಇದ್ದರೆ ಇನ್ನೊಂದು ಆಟ. ಕ್ಯೂಆರ್ ಕೋಡ್ ತೋರಿಸುವುದೆಲ್ಲ ಪೇಟೆಯಲ್ಲಿ ಸರಿ. ಇಲ್ಲಿ ನೋಟೇ. ಸಾವಿರದ ಇನ್ನೂರ ಎಪ್ಪತ್ತಾರು ರೂಪಾಯಿ ಅಂದರೆ ಅವರ ಹತ್ತಿರ ಮೂರು ಐನೂರರ ನೋಟು ಇರುತ್ತದೆ, ನನ್ನ ಹತ್ತಿರ ಚಿಲ್ಲರೆ ಇರುವುದಿಲ್ಲ. ಸಂಜೆ ಹಬ್‌ನಲ್ಲಿ ಲೆಕ್ಕ ಕೊಡುವಾಗ ಹತ್ತು ರೂಪಾಯಿ ಕಡಿಮೆ ಬಂದರೂ ನನ್ನ ಖಾತೆಗೆ. ಮೊದಲ ತಿಂಗಳು ಒಟ್ಟು 640 ರೂಪಾಯಿ ಹಾಗೆ ಹೋಯಿತು, ಅದರಲ್ಲಿ 500 ಒಂದೇ ನೋಟು, ಖೋಟಾ. ಮಂಡಿಯಲ್ಲಿ ಹತ್ತು ವರ್ಷ ದುಡ್ಡು ಎಣಿಸಿದವನು ನಾನು. ಗಾಡಿಯ ಬಾನೆಟ್ ಮೇಲೆ, ಮಳೆಯಲ್ಲಿ, ಒದ್ದೆ ಕೈಯಲ್ಲಿ ಎಣಿಸಿ ಗೊತ್ತಿರಲಿಲ್ಲ.

ಮಳೆಗಾಲದ ಉಂಬಳ, ಜಾರುವ ಕಾಲುಸಂಕ ಇದನ್ನೆಲ್ಲ ಬರೆಯಲು ಹೋಗುವುದಿಲ್ಲ, ಅಲ್ಲಿಯ ಜನ ದಿನಾ ಅದರಲ್ಲೇ ಇದ್ದಾರೆ, ನಾನು ದೂರುವುದೇನು. ಒಂದು ಮಾತ್ರ ಹೇಳಬೇಕು. ಚಳಿಗಾಲದಿಂದ ಬೇಸಿಗೆಯವರೆಗೆ ಮಂಗನ ಕಾಯಿಲೆಯ ಕಾಲ. 2018ರ ಕೊನೆಯಲ್ಲಿ, 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸತ್ತದ್ದು ಇಲ್ಲಿ ಯಾರೂ ಮರೆತಿಲ್ಲ. ಗಾಡಿ ಹೋಗದ ಮನೆಗೆ ಸೊಪ್ಪಿನಬೆಟ್ಟದ ಕಾಲುದಾರಿಯಲ್ಲೇ ನಡೆಯಬೇಕು, ಅಲ್ಲಿ ಆ ಕಾಯಿಲೆ ಹರಡುವ ಉಣುಗು (ಉಣ್ಣೆ ಹುಳ) ಹತ್ತುತ್ತದೆ. ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ ಬಾಟಲಿಯನ್ನು ನನಗೆ ಕೊಟ್ಟದ್ದು ಒಬ್ಬ ಆಶಾ ಕಾರ್ಯಕರ್ತೆ. ನಾನು ಅವರ ಪಟ್ಟಿಯಲ್ಲಿ ಇರುವವನಲ್ಲ, ಆದರೂ ‘ನೀವು ನಮ್ಮ ಮನೆ ಮನೆಗೆ ಹೋಗೋರಲ್ವಾ’ ಅಂತ ಕೊಟ್ಟರು. ನನ್ನನ್ನು ಕೆಲಸಕ್ಕೆ ಇಟ್ಟುಕೊಂಡವರಿಗೆ ಈ ಕಾಯಿಲೆಯ ಹೆಸರೂ ಗೊತ್ತಿರಲಿಲ್ಲ.

ಈಗ ದುಡ್ಡಿನ ವಿಷಯಕ್ಕೆ ಬರುತ್ತೇನೆ. ಸುಳ್ಳಿನ ಬೇರು ಇರುವುದು ಅಲ್ಲೇ.

ನಮಗೆ ಪಾರ್ಸೆಲ್ ಲೆಕ್ಕ. ಒಂದಕ್ಕೆ 20 ರೂಪಾಯಿ. ಕೊಟ್ಟರೆ ಮಾತ್ರ, ಕೊಡದೆ ವಾಪಸ್ ತಂದರೆ ಏನೂ ಇಲ್ಲ. ಗಾಡಿ ವೆಂಡರ್‌ದು, ವೆಂಡರ್ ಅಂದರೆ ಕಂಪನಿಗೂ ನಮಗೂ ನಡುವಿನ ಗುತ್ತಿಗೆದಾರ, ಡೀಸೆಲ್ ದಿನಕ್ಕೆ 90 ಕಿ.ಮೀ.ಗೆ ಆಗುವಷ್ಟು ಅವರು ಹಾಕಿಸುತ್ತಾರೆ, ಮೇಲೆ ಓಡಿದರೆ ನನ್ನ ಜೇಬು. ಸಾಗರ ಪೇಟೆಯೊಳಗೆ ಓಡಿಸುವವನು ಗಣಪತಿ ಕೆರೆ ಸುತ್ತಮುತ್ತ, ಜೋಗ ರಸ್ತೆ, ಬಿ.ಎಚ್. ರಸ್ತೆ ಅಂತ ಇಪ್ಪತ್ತು ಕಿ.ಮೀ.ಯಲ್ಲಿ 55 ಪಾರ್ಸೆಲ್ ಮುಗಿಸಿ ಮೂರು ಗಂಟೆಗೆ ಮನೆಗೆ ಹೋಗಿ ಊಟ ಮಾಡುತ್ತಾನೆ. ಅವನಿಗೆ 1,100 ರೂಪಾಯಿ. ನಾನು ಹೊಳೆ ಆಚೆ ಹೋದ ದಿನ 24 ಪಾರ್ಸೆಲ್ ಸಿಕ್ಕರೆ ಹೆಚ್ಚು, ಒಳರಸ್ತೆ ಸೇರಿ 120 ಕಿ.ಮೀ. ಓಡುತ್ತದೆ. 480 ರೂಪಾಯಿ, ಅದರಲ್ಲಿ ಹೆಚ್ಚಿನ ಡೀಸೆಲ್‌ಗೆ 180 ಹೋದರೆ ಕೈಗೆ 300. ವಾರದಲ್ಲಿ ಮೂರು ದಿನ ಆ ಕಡೆ, ಮೂರು ದಿನ ತಾಳಗುಪ್ಪದ ಕಡೆ, ಅದರಿಂದ ಹೇಗೋ ತಿಂಗಳು ದಾಟುತ್ತದೆ. ಪೇಟೆಯ ಹುಡುಗನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅವನೂ ಮೊದಲು ಹಳ್ಳಿ ರೂಟ್ ಓಡಿಸಿಯೇ ಬಂದವನು. ಎರಡು ಕಿ.ಮೀ. ಕೆಸರಿನಲ್ಲಿ ನಡೆದು ಕೊಟ್ಟ ಡಬ್ಬಕ್ಕೂ, ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಗೆ ಗಾಡಿಯಿಂದ ಇಳಿಯದೆ ಕೊಟ್ಟ ಡಬ್ಬಕ್ಕೂ ಒಂದೇ 20 ರೂಪಾಯಿ ಅಂತ ಮಾಡಿದವರ ಮೇಲೆ ಸಿಟ್ಟಿದೆ.

ಇದರ ಜೊತೆಗೆ ಒಂದು ನಿಯಮ. ಶೀಟಿನಲ್ಲಿರುವ ಒಂದೊಂದು ಪಾರ್ಸೆಲ್‌ಗೂ ಸಂಜೆಯೊಳಗೆ ಏನಾದರೂ ಒಂದು ಒತ್ತಲೇಬೇಕು. ಕೊಟ್ಟಿದ್ದರೆ ‘ಡೆಲಿವರ್ಡ್’. ಕೊಡದಿದ್ದರೆ ಕಾರಣ. ಕಾರಣಗಳು ನಾಲ್ಕಿವೆ. ಗ್ರಾಹಕರು ಸಿಗಲಿಲ್ಲ. ಗ್ರಾಹಕರು ಬೇರೆ ದಿನ ಕೇಳಿದರು. ಗ್ರಾಹಕರು ಬೇಡವೆಂದರು. ವಿಳಾಸ ಸರಿಯಿಲ್ಲ. ನಾಲ್ಕರಲ್ಲೂ ತಪ್ಪು ಯಾರದು ನೋಡಿ. ‘ಕತ್ತಲಾಯಿತು’, ‘ಮರ ಬಿದ್ದು ರಸ್ತೆ ಬಂದ್’, ‘ಹೊತ್ತು ಸಾಲಲಿಲ್ಲ’ ಅಂತ ಒತ್ತಲು ಜಾಗವೇ ಇಲ್ಲ. ಏನೂ ಒತ್ತದೆ ಬಿಟ್ಟರೆ ಪೆಂಡಿಂಗ್ ಅಂತ ಕೆಂಪಾಗಿ ನಿಲ್ಲುತ್ತದೆ, ಹಬ್‌ನ ಟೀಮ್ ಲೀಡರ್‌ಗೆ ಮೇಲಿನವರಿಂದ ಬೈಗುಳ, ಅವರಿಂದ ನನಗೆ. ಸೇರಿದ ಮೊದಲ ವಾರ ನಾನು ಹಾಗೇ ಬಿಟ್ಟಿದ್ದೆ. ಮೂರನೇ ದಿನ ಅವರೇ ನನ್ನ ಫೋನ್ ತೆಗೆದುಕೊಂಡು ಟಕಟಕ ಅಂತ ಒತ್ತಿ ತೋರಿಸಿದರು, ‘ಹಿಂಗೆ ಮಾಡು ಮಾರಾಯ, ಯಾರಿಗೂ ತಾಪತ್ರಯ ಇಲ್ಲ’ ಅಂತ. ನನಗೆ ಸಿಕ್ಕ ಎರಡನೇ ತರಬೇತಿ ಅದು.

ನಾನು ಒತ್ತಿದ ಒಂದನ್ನು ಹೇಳುತ್ತೇನೆ.

ಅಕ್ಟೋಬರ್ ಕೊನೆ. ಮಧ್ಯಾಹ್ನದವರೆಗೆ ಬಿಸಿಲು, ಆಮೇಲೆ ಗುಡುಗು ಮಳೆ. ಬ್ಯಾಕೋಡು ದಾಟಿ ಒಳಗಿನ ಊರಿಗೆ ಒಂದೇ ಒಂದು ಪಾರ್ಸೆಲ್ ಉಳಿದಿತ್ತು. ಗಂಟೆ ಐದೂಮುಕ್ಕಾಲು. ಟಾರು ರಸ್ತೆಯಿಂದ ನಾಲ್ಕು ಕಿ.ಮೀ. ಮಣ್ಣು ರಸ್ತೆ. ಫೋನ್ ಮಾಡಿದರೆ ಹೋಗುತ್ತಿಲ್ಲ. ಒಳಗೆ ಹೋದರೆ 20 ರೂಪಾಯಿ, ಗಾಡಿ ಹೂತರೆ ರಾತ್ರಿ ಅಲ್ಲೇ. ಗಾಡಿಯಲ್ಲೇ ಕೂತು ‘ಗ್ರಾಹಕರು ಸಿಗಲಿಲ್ಲ’ ಒತ್ತಿದೆ, ತಿರುಗಿಸಿದೆ, ಸೇತುವೆ ದಾಟಿ ಬಂದೆ. ಎರಡು ದಿನ ಬಿಟ್ಟು ಮತ್ತೆ ಆ ಕಡೆ ಹೋದಾಗ ಬೆಳಿಗ್ಗೆಯೇ ಆ ಮನೆಗೆ ಹೋದೆ. ಬೇಲಿ ಬಾಗಿಲಿನ ಉಣುಗೋಲು ಸರಿಸಿ ಅಂಗಳಕ್ಕೆ ಇಳಿದರೆ ಒಂದು ಮೂಲೆಯಲ್ಲಿ ಹಸಿ ಅಡಿಕೆ ಗುಡ್ಡೆ, ಪಕ್ಕದಲ್ಲಿ ಸುಲಿಯುವ ಯಂತ್ರ ಸುಮ್ನೆ ನಿಂತಿದೆ, ಮೇಲೆ ಗೋಣಿ ಹೊದಿಸಿದ್ದಾರೆ. ನನ್ನ ಕೈಯಲ್ಲಿದ್ದ ಡಬ್ಬದಲ್ಲಿ ಇದ್ದದ್ದು ಅದರ ಬೆಲ್ಟು.

ಯಜಮಾನರಿಗೆ ಅರವತ್ತು ದಾಟಿದೆ. ಅವತ್ತು ಮಧ್ಯಾಹ್ನ ಮೂರು ಗಂಟೆಯಿಂದ ಅವರು ಟಾರು ರಸ್ತೆಯ ಕ್ರಾಸಿನ ಬಸ್ ತಂಗುದಾಣದಲ್ಲಿ ನನಗೋಸ್ಕರ ಕೂತಿದ್ದರಂತೆ, ಒಳಗೆ ಗಾಡಿ ಬರುವುದು ಕಷ್ಟ ಅಂತ. ನಾನು ಗಾಡಿ ತಿರುಗಿಸಿದ ಜಾಗದಿಂದ ನೂರು ಮೀಟರ್ ಕೂಡ ಇಲ್ಲ ಅದು. ಮಳೆಗೆ ಗಾಜು ಮಂಜು ಕಟ್ಟಿತ್ತು, ನಾನು ನೋಡಲಿಲ್ಲ. ಅವರು ನೋಡಿದ್ದಾರೆ. ಕೈ ಎತ್ತಿದ್ದಾರೆ. ಗಾಡಿ ತಿರುಗಿ ಹೋದದ್ದನ್ನು ನೋಡಿ ನಾಲ್ಕು ಕಿ.ಮೀ. ನಡೆದು ಮನೆಗೆ ಬಂದಿದ್ದಾರೆ. ಮರುದಿನ ದಿಬ್ಬ ಹತ್ತಿದಾಗ ಫೋನಿಗೆ ಮೆಸೇಜ್ ಬಂದಿದೆ, ‘ಗ್ರಾಹಕರು ಸಿಗಲಿಲ್ಲ’. ಇಷ್ಟನ್ನೂ ಅವರು ಬೈಯುತ್ತಾ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಬೆಲ್ಟನ್ನು ಯಂತ್ರಕ್ಕೆ ಹಾಕಿ ನೋಡುತ್ತಾ, ಬೇರೆ ಯಾರದ್ದೋ ವಿಷಯ ಹೇಳುವ ಹಾಗೆ ಹೇಳಿದರು. ಆಮೇಲೆ, ‘ಕೂತ್ಕೊಳ್ಳಿ, ಆಸರಿಗೆ ಎಂತ ಬೇಕು?’ ಅಂತ, ಕುಡಿಯಲು ಏನು ಬೇಕು ಅಂತ ಕೇಳಿದರು. ನನಗೆ ಏನೂ ಬೇಡ ಅಂದೆ. ಕೊನೆಗೆ ನಾನು ಹೇಳಿಬಿಟ್ಟೆ, ಒತ್ತಿದ್ದು ನಾನೇ ಅಂತ. ‘ಮತ್ತೆ ಇನ್ಯಾರು ಒತ್ತುತ್ತಾರೆ’ ಅಂದರು.

ಅವತ್ತಿನ ಮೇಲೆ ಒತ್ತಲೇ ಇಲ್ಲ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಒತ್ತಿದ್ದೇನೆ. ಕಡಿಮೆ ಮಾಡಿದ್ದೇನೆ, ಅಷ್ಟೇ. ಒತ್ತುವ ಮೊದಲು ಅಥವಾ ಒತ್ತಿದ ಮೇಲೆ ನೆಟ್‌ವರ್ಕ್ ಸಿಕ್ಕಲ್ಲಿಂದ ಅವರಿಗೆ ಮೆಸೇಜ್ ಹಾಕುತ್ತೇನೆ, ಇವತ್ತು ಆಗಲಿಲ್ಲ, ಗುರುವಾರ ತರುತ್ತೇನೆ, ಆಪ್ ಏನೇ ಹೇಳಿದರೂ ನಂಬಬೇಡಿ ಅಂತ. ಜನ ಅದಕ್ಕೆ ಬೇಸರ ಮಾಡಿಕೊಂಡಿಲ್ಲ. ಒಬ್ಬರೂ ಇಲ್ಲ.

ಕಂಪನಿಯವರಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಹಳ್ಳಿ ರೂಟಿಗೆ ಪಾರ್ಸೆಲ್ ಜೊತೆ ಕಿ.ಮೀ. ಲೆಕ್ಕವನ್ನೂ ಸೇರಿಸಿ. ನಾಲ್ಕು ಕಾರಣಗಳ ಜೊತೆ ಐದನೆಯದಾಗಿ ‘ಚಾಲಕನಿಗೆ ತಲುಪಲು ಆಗಲಿಲ್ಲ’ ಅಂತ ಒಂದು ಹಾಕಿ. ಆಗ ಎಷ್ಟು ಊರಿಗೆ ಗಾಡಿ ತಲುಪುತ್ತಿಲ್ಲ ಅನ್ನುವುದು ನಿಮ್ಮ ಕಂಪ್ಯೂಟರಿಗೂ ಗೊತ್ತಾಗುತ್ತದೆ. ಈಗಿನ ಲೆಕ್ಕದಲ್ಲಿ ಆ ಕಡೆಯ ಜನರೆಲ್ಲ ಮನೆಯಲ್ಲಿ ಸಿಗದವರು, ತರಿಸಿ ಬೇಡ ಅನ್ನುವವರು, ವಿಳಾಸ ಸರಿ ಬರೆಯದವರು. ಹೀಗೇ ಮುಂದುವರಿದರೆ ಒಂದು ದಿನ ಈ ಊರುಗಳಿಗೆ ಸೇವೆಯೇ ಇಲ್ಲ ಅಂತ ಮಾಡಿಬಿಡಬಹುದು, ಅದಕ್ಕೆ ಸಾಕ್ಷಿಯಾಗಿ ನಾವು ಒತ್ತಿದ್ದನ್ನೇ ತೋರಿಸುತ್ತಾರೆ.

ಸರ್ಕಾರದ ಕಡೆಯಿಂದ ಏನೂ ಆಗಿಲ್ಲ ಅನ್ನುವ ಹಾಗಿಲ್ಲ. 2025ರಲ್ಲಿ ರಾಜ್ಯದಲ್ಲಿ ಗಿಗ್ ಕಾರ್ಮಿಕರ (ಆಪ್ ಮೂಲಕ ಕೆಲಸದ ಲೆಕ್ಕದಲ್ಲಿ ದುಡಿಯುವವರ) ಕಾಯ್ದೆ ಬಂದಿದೆ, ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ. ಆಹಾರ ತರುವವರು, ಕ್ಯಾಬ್ ಓಡಿಸುವವರ ಜೊತೆ ಸರಕು ಸಾಗಿಸುವ ಸೇವೆಯೂ ಅದರಲ್ಲಿದೆ. ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಕಂಪನಿಗಳು ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು, ಕೆಲಸದಿಂದ ತೆಗೆಯುವ ಮೊದಲು 14 ದಿನದ ನೋಟಿಸ್ ಕೊಡಬೇಕು, ದರ, ರೇಟಿಂಗ್ ಎಲ್ಲ ಹೇಗೆ ಲೆಕ್ಕ ಹಾಕುತ್ತೇವೆ ಅಂತ ಕೇಳಿದರೆ ಹೇಳಬೇಕು ಅಂತೆಲ್ಲ ಇದೆ. ಓದಿ ಖುಷಿಯಾಯಿತು. ವೆಂಡರ್ ಹತ್ತಿರ ಕೇಳಿದೆ. ‘ನೀನು ಗಿಗ್ ಅಲ್ಲಪ್ಪ, ನೀನು ನನ್ನ ಡ್ರೈವರ್’ ಅಂದರು. ಹಾಗಾದರೆ ಪಿಎಫ್, ಇಎಸ್‌ಐ ಕೊಡಿ ಅಂದೆ. ‘ಅದೆಲ್ಲ ಸಂಬಳದವರಿಗೆ, ನೀನು ಪಾರ್ಸೆಲ್ ಲೆಕ್ಕದವನು’ ಅಂದರು. ಎರಡೂ ಒಂದೇ ಚಹಾ ಮುಗಿಯುವುದರೊಳಗೆ. ಕಾರ್ಮಿಕ ಇಲಾಖೆಯವರು ಬೆಂಗಳೂರಿನಲ್ಲಿ ಕೂತು ಆಪ್‌ಗಳನ್ನು ಕರೆಸಿ ಮಾತಾಡುವುದು ಒಳ್ಳೆಯದೇ. ಆದರೆ ತಾಲ್ಲೂಕುಗಳಲ್ಲಿ ನಡುವೆ ಈ ವೆಂಡರ್‌ಗಳು ಇದ್ದಾರೆ, ಒಂದು ಸಲ ಇಲ್ಲಿಗೂ ಬಂದು ನಾವು ಯಾವ ಲೆಕ್ಕದವರು ಅಂತ ಹೇಳಿ ಹೋಗಲಿ.

ಹೊಸದಾಗಿ ಸೇರುವ ಹುಡುಗರಿಗೆ ಒಂದು ಮಾತು. ಅಸಂಘಟಿತ ಕಾರ್ಮಿಕರಿಗೆ ಕೊಡುವ ಇ-ಶ್ರಮ್ ಕಾರ್ಡ್ ಮಾಡಿಸಿಕೊಳ್ಳಿ, ದುಡ್ಡು ಖರ್ಚಿಲ್ಲ. ಅದು ಇದ್ದರೆ ರಾಜ್ಯ ಸರ್ಕಾರದ ಗಿಗ್ ಕಾರ್ಮಿಕರ ವಿಮೆಗೆ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬಹುದು, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 4 ಲಕ್ಷ ಅಂತ ಇದೆ. ನಮ್ಮ ಹಬ್‌ನ ಹನ್ನೊಂದು ಜನರಲ್ಲಿ ಅದು ಗೊತ್ತಿದ್ದದ್ದು ಒಬ್ಬನಿಗೆ, ಅವನೂ ಮಾಡಿಸಿರಲಿಲ್ಲ.

ಅಂಚೆ ಇಲಾಖೆಯವರು 2025ರಲ್ಲಿ ಡಿಜಿಪಿನ್ ಅಂತ ತಂದಿದ್ದಾರೆ. ದೇಶವನ್ನೆಲ್ಲ ನಾಲ್ಕು ಮೀಟರ್ ಉದ್ದಗಲದ ಚೌಕ ಮಾಡಿ ಒಂದೊಂದಕ್ಕೂ ಹತ್ತು ಅಕ್ಷರ, ಅಂಕಿಯ ಗುರುತು. ನಮ್ಮಂಥ ಕಡೆಗೆ ಇದು ನಿಜವಾಗಿ ಬೇಕಾದದ್ದು, ಮನೆಗೆ ನಂಬರ್ ಇಲ್ಲದಿದ್ದರೂ ಅಂಗಳಕ್ಕೆ ಒಂದು ಗುರುತು ಸಿಗುತ್ತದೆ. ಆದರೆ ನನಗೆ ಬರುವ ಪಾರ್ಸೆಲ್‌ಗಳಲ್ಲಿ ಒಂದರ ಮೇಲೂ ಇನ್ನೂ ಅದನ್ನು ನೋಡಿಲ್ಲ. ಗ್ರಾಮ ಪಂಚಾಯಿತಿಯವರು ಮನೆ ಕಂದಾಯದ ರಸೀದಿ ಮೇಲೆ ಅದನ್ನೂ ಬರೆದುಕೊಟ್ಟರೆ ಜನ ನೋಡಿಕೊಂಡು ಬರೆಯುತ್ತಾರೆ. ಆಂಬುಲೆನ್ಸ್ ಬರುವವರಿಗೂ ಅದೇ ಉಪಯೋಗ. ಅಷ್ಟೂ ಆಗದಿದ್ದರೆ, ಕವಲು ದಾರಿಗೆ ಒಂದು ಹಲಗೆ ಹೊಡೆದು ಒಳಗೆ ಯಾವ ಯಾವ ಮನೆ ಅಂತ ಬಣ್ಣದಲ್ಲಿ ಬರೆಸಿ.

ಕೆಲಸ ಬಿಡುತ್ತೀಯಾ ಅಂತ ಮನೆಯಲ್ಲಿ ಕೇಳುತ್ತಾರೆ. ಮಂಡಿಯವರು ಈಗಲೂ ಕರೆಯುತ್ತಾರೆ. ಗೊತ್ತಿಲ್ಲ. ಈಗ ಅಪ್ಪೆಮಿಡಿ ಕಾಲ, ಹೋಗುವಾಗ ಪಾರ್ಸೆಲ್ ಕೊಟ್ಟು ಬರುವಾಗ ಆ ಮನೆಗಳಿಂದಲೇ ಬೆಂಗಳೂರಿನ ಮಕ್ಕಳಿಗೆ ಉಪ್ಪಿನಕಾಯಿ ಡಬ್ಬ ಪಿಕಪ್ ಮಾಡುತ್ತೇನೆ. ಎಷ್ಟು ಸುತ್ತಿದರೂ ಒಂದಾದರೂ ಸೋರುತ್ತದೆ. ವ್ಯಾನಿನೊಳಗೆ ಒಂದು ವಾರದಿಂದ ಮಿಡಿಯ ಸೊನೆ ವಾಸನೆ, ಹಬ್‌ನಲ್ಲಿ ಬೈಯುತ್ತಿದ್ದಾರೆ. ನನಗೇನೋ ಇಷ್ಟವೇ.

ಪತ್ರ ಬರೆದ ಆ ಓದುಗರಿಗೆ. ನೀವು ನಮ್ಮ ಕಡೆಯವರೇ ಆಗಿದ್ದರೆ, ಮುಂದಿನ ಸಲ ವಿಳಾಸದಲ್ಲಿ ‘ಶಾಲೆ ಹತ್ತಿರ’ ಅಂತ ಬರೆಯಬೇಡಿ, ಶಾಲೆಯಿಂದ ಎಡಕ್ಕೋ ಬಲಕ್ಕೋ, ಎಷ್ಟು ದೂರ, ಇಳಿಜಾರೋ ಏರೋ ಅಂತ ಬರೆಯಿರಿ. ನೆಟ್‌ವರ್ಕ್ ಇರುವ ಪಕ್ಕದ ಮನೆಯವರ ನಂಬರೂ ಹಾಕಿ. ಮತ್ತೆ ರಸ್ತೆ ಬದಿಯ ಬೇಲಿಗೆ ಏನಾದರೂ ಗುರುತು ಕಟ್ಟಿ. ತುಮರಿ ಹತ್ತಿರ ಒಬ್ಬರು ನೀಲಿ ಡ್ರಮ್ಮಿನ ಮುಚ್ಚಳ ಕಟ್ಟಿದ್ದಾರೆ, ಅದರ ಮೇಲೆ ಸುಣ್ಣದಲ್ಲಿ ಮನೆ ಹೆಸರು. ಮಂಜಿನಲ್ಲೂ ಕಾಣುತ್ತದೆ. ಆ ಮನೆಗೆ ನಾನು ಒಂದು ದಿನವೂ ‘ಸಿಗಲಿಲ್ಲ’ ಒತ್ತಿಲ್ಲ.

ಇಂತಿ,
ಒಬ್ಬ ಪಾರ್ಸೆಲ್ ವ್ಯಾನ್ ಚಾಲಕ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ